ಅತಿಥಿಯ ಮಡಿಬಟ್ಟೆ

ಡ್ರಾಯರಿನಲ್ಲಿ ಇರಲಿಲ್ಲ.

ಗಾಸ್ಪಾರ್ ಮತ್ತೊಮ್ಮೆ ಕೈಯಾಡಿಸಿದ. ಅತ್ತೆ ಅಪೊಲಿನ್‌ಳ ಕೈಬಟ್ಟೆ ಚೀಲವಿತ್ತು, ಭಾವಮೈದುನ ಬ್ಲೇಸನದಿತ್ತು, ಹೆಂಡತಿ ಸೊಲಾಂಜಳದಿತ್ತು. ಸತ್ತು ಎರಡು ಚಳಿಗಾಲವಾದ ಮಾವ ಒನೊರೆಯದೂ ಇತ್ತು: ಕೆಂಪು ಅಚ್ಚುಬಟ್ಟೆಯ ಮೇಲೆ ಹೆಸರಿನ ಕಸೂತಿ, ಬಾಯಿಗೆ ಬಿಗಿದ ದಾರ. ತನ್ನ ನೀಲಿ ಚೀಲ ಮಾತ್ರ ಇಲ್ಲ.

"ಏನ್ ಮೇಷ್ಟ್ರೇ, ಡ್ರಾಯರ್‌ನಲ್ಲೂ ತತ್ವಶಾಸ್ತ್ರ ಸಿಗುತ್ತಾ?" ಹಿಂದಿನಿಂದ ಬ್ಲೇಸ್.

"ನನ್ನ ಚೀಲ..."

"ಒಗೆಯೋಕೆ ಹಾಕಿರ್ಬೇಕು." ಬ್ಲೇಸ್ ಕಿಟಕಿಯತ್ತ ತಿರುಗಿದ. "ಗಾಳಿ ನೋಡಿ, ಹೆಂಚೇ ಕಿತ್ಕೊಂಡ್ ಹೋಗೋ ಹಾಗಿದೆ."

ದಕ್ಷಿಣದ ತಾರಸ್ಕೋನ್ ಪಟ್ಟಣದ ಈ ಮನೆಯಲ್ಲಿ, ಮದುವೆಯಾದಂದಿನಿಂದ, ಅವನದೆಂದು ಊಟದ ಒಂದು ಕೈಬಟ್ಟೆ, ಅದಕ್ಕೊಂದು ಚೀಲ. ಉಂಡು, ಬಾಯಿ ಒರೆಸಿ, ಮಡಚಿ ತುರುಕಿದರೆ ಮುಂದಿನ ಭಾನುವಾರದ ಜಾಗ ಭದ್ರ. ವೈನಿನ ಕಲೆ ಹಾಗೇ ಇರುತ್ತಿತ್ತು. ಗಂಜಿ ಹಾಕಿದ ಬಿಳಿ ಬಟ್ಟೆ ಅತಿಥಿಗಳಿಗೆ. ಮಡಿ ಹೊರಗಿನವರಿಗೆ, ಒಳಗಿನವರಿಗೆ ಮೈಲಿಗೆಯೇ ನೆಂಟಸ್ತಿಕೆ.

ಅಮ್ಮನ ಸೊಂಟನೋವೆಂದು ಸೊಲಾಂಜ್ ಇಲ್ಲಿಗೆ ಬಂದು ತಿಂಗಳ ಮೇಲಾಗಿತ್ತು. ಇವತ್ತು ಕರೆದುಕೊಂಡು ಹೋಗಲೆಂದೇ ಅವನು ನೀಮ್ ಊರಿನಿಂದ ಬಂದದ್ದು. ಬಾಗಿಲು ತೆರೆಯಲು ಅತ್ತೆ ಚಕಚಕ ನಡೆದು ಬಂದಿದ್ದಳು.

"ಕೂತ್ಕೊಳ್ಳಿ," ಎಂದಳು ಈಗ. ಹೋದ ತಿಂಗಳವರೆಗೆ "ಕೂತ್ಕೋ" ಇತ್ತು.

ಮೇಜಿನ ಮೇಲೆ ಹಳದಿ ಬಟ್ಟೆ. ಆಲಿವ್ ಕೊಂಬೆ, ಅಂಚಿಗೆ ಮಾವಿನಕಾಯಿ ಬುಟ್ಟಾ. ಇಂಡಿಯೆನ್, ಅಂದರೆ ಇಂಡಿಯಾದ್ದು, ಎಂದು ಆ ಅಚ್ಚುಬಟ್ಟೆಯ ಹೆಸರು. ಮುನ್ನೂರು ವರ್ಷ ಇಲ್ಲೇ ಅಚ್ಚಾದರೂ ಪರದೇಶಿ ಹೆಸರು ಬಿಟ್ಟಿಲ್ಲ. ಗಾಸ್ಪಾರ್ ಕೂಡ ಇನ್ನೂ 'ಉತ್ತರದವನೇ'.

ಅವನ ತಟ್ಟೆಯ ಮೇಲೆ ಬಿಳಿ ಬಟ್ಟೆ ಗೋಪುರವಾಗಿ ನಿಂತಿತ್ತು.

"ಸೊಲಾಂಜ್, ಊಟ ಆದ್ಮೇಲೆ ಹೊರಡೋಣ್ವಾ?"

"ಮಾಂಸ ಆರ್ತಿದೆ, ತಿನ್ನು."

ಅವನಲ್ಲಿ ಉಳಿದಿದ್ದ ಅಸ್ತ್ರ ಒಂದೇ. ಗಂಟಲು ಕೆರೆದು, ಸತ್ತ ಮಾವನ ಹಾಗೆ ಎರಡು ಸಲ ಕೆಮ್ಮಿ, ಕತ್ತು ವಾರೆ ಮಾಡಿದ: "ಏ ಅಪೊಲಿನ್! ಉಪ್ಪೇನು ನಿಮ್ಮಪ್ಪನ ಮನೇದಾ? ಸಮುದ್ರ ಇಷ್ಟು ಹತ್ರ ಇಟ್ಕೊಂಡೂ ಜಿಪುಣತನಾನಾ?"

ಇದಕ್ಕೆ ಅತ್ತೆ ಕಣ್ಣೀರು ಬರುವಂತೆ ನಗುತ್ತಿದ್ದಳು. ಇವತ್ತು ಉಪ್ಪಿನ ಬಟ್ಟಲನ್ನು ಅವನತ್ತ ಸರಿಸಿದಳು.

"ಪಾಪ, ಅವರಿಗೆ ಸ್ವಂತ ದನಿಯಾದ್ರೂ ಇತ್ತು."

ಬ್ಲೇಸನ ಚಾಕು ತಟ್ಟೆಯ ಮೇಲೆ ಕಿರುಗುಟ್ಟಿತು. ಮತ್ತೆ ಎಲ್ಲರೂ ಗಾಳಿಯ ಬಗ್ಗೆ ಮಾತಾಡಿದರು.

ಊಟ ಮುಗಿಯಿತು. ಅತಿಥಿಯಾದವನು ಕೈಬಟ್ಟೆಯನ್ನು ಮುದ್ದೆಯಾಗಿ ತಟ್ಟೆಯ ಪಕ್ಕ ಬಿಟ್ಟು ಏಳಬೇಕು. ಮಡಚಿದರೆ ಮುಂದಿನ ಊಟಕ್ಕೂ ಕೈಚಾಚಿದ ಹಾಗೆ. ಗಾಸ್ಪಾರ್ ಮಡಚಿದ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿ, ಎಲ್ಲರಿಗೂ ಕಾಣುವಂತೆ ಮಡಚಿದ.

ಅತ್ತೆ, ಬ್ಲೇಸ್ ಅಡುಗೆಮನೆಗೆ ನಡೆದರು. ಸೊಲಾಂಜ್ ಒಂದೊಂದೇ ಚೀಲವನ್ನು ಡ್ರಾಯರಿಗೆ ಸೇರಿಸಿದಳು.

"ಅದನ್ನ ಅಲ್ಲೇ ಬಿಡು. ಒಗೆಯೋಕೆ ಹೋಗುತ್ತೆ."

"ಮಡಚಿದ್ದೀನಲ್ಲ."

"ನೋಡ್ದೆ."

"ಮುಂದಿನ ಭಾನುವಾರ..."

"ಕಾಫಿ ಉಕ್ಕುತ್ತೆ," ಎಂದು ಹೋದಳು.

ಕಿಟಕಿಯ ಬಳಿ ಹೊಲಿಗೆಬುಟ್ಟಿ. ಅದರಲ್ಲಿ ನೀಲಿ ಚೀಲ. ಒಗೆದು, ಇಸ್ತ್ರಿ ಮಾಡಿ, ಹೆಸರಿನ ದಾರವನ್ನೆಲ್ಲ ಜೋಪಾನವಾಗಿ ಬಿಚ್ಚಿದ್ದರು. ಬೆಳಕಿಗೆ ಹಿಡಿದ. ಸೂಜಿಯ ತೂತುಗಳಲ್ಲಿ ಗಾಸ್ಪಾರ್ ಎಂದು ಓದಬಹುದಿತ್ತು. ಒಂದು ಮೂಲೆಯಲ್ಲಿ ಹೊಸ ಅಕ್ಷರಕ್ಕೆ ಸೀಮೆಸುಣ್ಣದ ಗೀಟು ಶುರುವಾಗಿತ್ತು. ಯಾವ ಅಕ್ಷರವೆಂದು ಇನ್ನೂ ತಿಳಿಯುವಂತಿರಲಿಲ್ಲ.

ಅವನು ಡ್ರಾಯರ್ ಎಳೆದ. ಮಾವನ ಚೀಲದ ದಾರ ಸಡಿಲಿಸಿದ. ಒಳಗೆ ಹಳೆಯ ಕೈಬಟ್ಟೆ, ಕಡೆಯ ಊಟದ ಕಲೆಯೊಂದಿಗೆ ಸೆಟೆದಿತ್ತು. ಅದರ ಪಕ್ಕಕ್ಕೆ ತನ್ನ ಬಿಳಿಯದನ್ನು ತುರುಕಿದ. ಚೀಲಕ್ಕೆ ಹೊಟ್ಟೆ ಬಂತು. ಡ್ರಾಯರ್ ಪೂರ್ತಿ ಮುಚ್ಚಲಿಲ್ಲ.

ಗಂಟಲು ಕೆರೆಯಿತು. ಎರಡು ಸಲ ಕೆಮ್ಮಿದ. ಅನುಕರಿಸಬೇಕೆಂದು ಕೆಮ್ಮಿದ್ದಲ್ಲ.

ಅಡುಗೆಮನೆಯಲ್ಲಿ ಬಟ್ಟಲುಗಳ ಸದ್ದು ನಿಂತಿತು.

"ಯಾರದು?" ಅತ್ತೆಯ ದನಿ ನಡುಗಿತು.

ಉತ್ತರಿಸಲು ಅವನು ಬಾಯಿ ತೆರೆದ. ಯಾವ ದನಿ ಬರುವುದೋ ತಿಳಿಯದೆ ಮುಚ್ಚಿದ. ಹೆಜ್ಜೆಗಳು ಹತ್ತಿರವಾದವು. ಡ್ರಾಯರಿನ ಸಂದಿಯಿಂದ ಬಿಳಿ ಬಟ್ಟೆಯ ತುದಿ ಹೆಣದ ನಾಲಿಗೆಯಂತೆ ಹೊರಚಾಚಿತ್ತು. ಎಷ್ಟು ಒತ್ತಿದರೂ ಒಳಗೆ ಹೋಗಲೊಲ್ಲದು.