ಕಣ್ಣಾರೆ ಕಂಡವರ ರುಜು

"ಇವರು ಶುಕ್ರವಾರವೇ ತೀರಿಕೊಂಡಿದ್ದಾರಲ್ರೀ!" ಎಂದು ಗುಮಾಸ್ತ ವೈದ್ಯರ ಚೀಟಿಯನ್ನು ಕಿಂಡಿಯಿಂದ ವಾಪಸ್ ತಳ್ಳಿದ.

ಹೊರಗೆ ವ್ಯಾನಿನಲ್ಲಿ ಹೆಣ. ವಿದ್ಯುತ್ ಚಿತಾಗಾರದಲ್ಲಿ ಸಿಕ್ಕಿದ್ದ ಸರದಿ ಹನ್ನೆರಡಕ್ಕೆ, ಆಗಲೇ ಹನ್ನೊಂದೂಕಾಲು. ಮರಣ ನೋಂದಣಿಯ ಚೀಟಿ ಇಲ್ಲದೆ ಅಲ್ಲಿ ಬಾಗಿಲೇ ತೆಗೆಯುವುದಿಲ್ಲ.

"ಹುಡುಗಾಟ ಆಡ್ತೀರೇನ್ರೀ?" ಸತ್ತವರ ಬಾಮೈದ ಕಿಂಡಿಯ ಸರಳು ಹಿಡಿದುಕೊಂಡ. "ನಮ್ಮ ಭಾವ ಹೋಗಿದ್ದು ನಿನ್ನೆ ಬೆಳಿಗ್ಗೆ. ಶನಿವಾರ ನನ್ನ ಪಕ್ಕದಲ್ಲಿ ಕೂತು ಎರಡು ಸಲ ಬಡಿಸ್ಕೊಂಡು ತಿಂದಿದ್ದಾರೆ!"

"ನನ್ನ ಮೇಲೆ ಯಾಕೆ ರೇಗ್ತೀರಾ ಸ್ವಾಮಿ? ಕಂಪ್ಯೂಟರಲ್ಲಿ ಇದೆ. ಶುಕ್ರವಾರ, ನಾಲ್ಕು ಹತ್ತು, ಹೃದಯಾಘಾತ. ಒಬ್ಬರನ್ನ ಎರಡು ಸಲ ಸಾಯಿಸೋಕೆ ಇದು ಬಿಡಲ್ಲ."

ಹಿಂದೆ ನಿಂತಿದ್ದ, ಸತ್ತವರ ಕಚೇರಿಯ ಪ್ರೋಗ್ರಾಮರ್ ಹುಡುಗಿ ತಲೆಯೆತ್ತಿದಳು. ನಾಲ್ಕು ಹತ್ತು. ಅಯ್ಯೋ, ಅದನ್ನು ಒತ್ತಿದ್ದು ತನ್ನದೇ ಬೆರಳು!

* * *

ಮರಣ ನೋಂದಣಿಯ ಈ ತಂತ್ರಾಂಶವನ್ನು ಇಪ್ಪತ್ತಾರು ವರ್ಷದ ಹಿಂದೆ ಬರೆದವರು, ಈಗ ವ್ಯಾನಿನಲ್ಲಿ ಮಲಗಿರುವವರೇ. ಕಚೇರಿಗೆಲ್ಲ ಅವರು ಮೇಷ್ಟ್ರು. ಕಪ್ಪು ಪರದೆ, ಹಸಿರು ಅಕ್ಷರ. ಅದು ನಡೆಯುವ ಯಂತ್ರಗಳೇ ಈಗ ಸಿಗುವುದಿಲ್ಲ. ಅದನ್ನು ಹೊಸ ವ್ಯವಸ್ಥೆಗೆ ತರುವ ಕೆಲಸ ಅವಳ ತಲೆಗೆ ಬಿದ್ದು ಏಳು ತಿಂಗಳಾಗಿತ್ತು. ಮೊದಲ ದಿನ ನಾನೂರ ಹನ್ನೆರಡು ತಪ್ಪು ತೋರಿಸಿದಾಗ ಅವಳಿಗೆ ಅಳುವೇ ಬಂದಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ಅಳ್ಬೇಡ ಮರಿ. ಮುದಿ ಪ್ರಾಣಿ, ಹೊಸ ಮನೇಲಿ ನಿದ್ದೆ ಹತ್ತಬೇಕಲ್ಲ" ಎಂದರು.

ಅವರದು ಒಂದೇ ಕಟ್ಟಪ್ಪಣೆ: ಪರೀಕ್ಷೆ ಮಾಡುವಾಗ ನನ್ನ ಗುರುತಿನ ನಂಬರನ್ನೇ ಹಾಕು.

"ಸುಳ್ಳು ನಂಬರ್ ಹಾಕಿದ್ರೆ ಆಗಲ್ವಾ ಮೇಷ್ಟ್ರೇ?"

"ಸುಳ್ಳನ್ನ ಇದು ನುಂಗಲ್ಲ, ಬದುಕಿರೋರೇ ಬೇಕು. ಪರೀಕ್ಷೆಗೇ ಆಗ್ಲಿ, ಬೇರೆಯವರನ್ನ ಯಾಕೆ ಸಾಯಿಸ್ಲಿ? ಅವರ ಮನೇಲಿ ಯಾರೋ ಕಾಯ್ತಿರ್ತಾರೆ."

"ನಿಮ್ಮನೇಲಿ ಕಾಯಲ್ವಾ?"

"ಅದಕ್ಕೇ ಸಂಜೆ ಬದುಕಿಸ್ಕೊಂಡೇ ಹೋಗೋದು. ಅದೇ ದಿನ ಆದ್ರೆ ಒಂದು ಗುಂಡಿ ಒತ್ತಿದ್ರೆ ಸಾಕು. ರಾತ್ರಿ ಕಳೀತೋ, ಮನೆಯವರು ಬಂದು ರುಜು ಹಾಕ್ಬೇಕು."

ಶುಕ್ರವಾರ ಮಧ್ಯಾಹ್ನ ಹೊಸ ತಂತ್ರಾಂಶ ಮೊದಲ ಸಲ ಒಂದೂ ತಪ್ಪಿಲ್ಲದೆ ಓಡಿತು. ಅವಳು ಮೇಷ್ಟ್ರ ನಂಬರ್ ಹಾಕಿ, ಕಾರಣಗಳ ಪಟ್ಟಿಯಲ್ಲಿ ಮೇಲಿದ್ದುದನ್ನೇ ಆರಿಸಿ, ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ನೋಂದಣಿ ಮುಗಿದಿತ್ತು.

"ಅರೆ, ಇಷ್ಟು ಬೇಗ ಸತ್ತೆನಾ!" ಮೇಷ್ಟ್ರು ಚಪ್ಪಾಳೆ ತಟ್ಟಿದರು. ಆಮೇಲೆ ಚೀಲ ಹೆಗಲಿಗೇರಿಸಿ, "ಬದುಕಿಸಿ ಹೋಗು, ಮರೀಬೇಡ" ಎಂದರು.

ಅವಳು ಮರೆಯಲಿಲ್ಲ, ಬೇಡವೆಂದೇ ಬಿಟ್ಟಳು. ಇದು ಹೊಸ ವ್ಯವಸ್ಥೆ, ಪರೀಕ್ಷೆಗೆ ಪ್ರತ್ಯೇಕ ನಕಲಿದೆ, ಅಸಲಿ ದಾಖಲೆಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಂಡಿದ್ದಳು. ಆದರೆ ಹಳೆಯದರಿಂದ ಎತ್ತಿ ತಂದ ಸಾವಿರಾರು ಸಾಲುಗಳಲ್ಲಿ ಒಂದು ಸಾಲು ಇನ್ನೂ ಅಸಲಿ ದಾಖಲೆಯ ವಿಳಾಸವನ್ನೇ ಹಿಡಿದು ಕೂತಿತ್ತು. ಅದನ್ನು ಬದಲಾಯಿಸಬೇಕಾದವಳು ಅವಳೇ.

* * *

"ನಾನೇ ಮಾಡಿದ್ದು," ಎಂದಳು. ಇದ್ದದ್ದನ್ನು ಇದ್ದಂತೆ ಹೇಳಿ ಮುಗಿಸಿದಾಗ ಬಾಮೈದ ಕಿಂಡಿಯ ಸರಳು ಬಿಟ್ಟ.

ಬೆಂಚಿನ ಮೇಲಿದ್ದ ಮೇಷ್ಟ್ರ ಹೆಂಡತಿ ನಿಧಾನವಾಗಿ ಎದ್ದು ಬಂದರು. ಬೆಳಗಿನಿಂದ ಅವರು ಅತ್ತಿರಲಿಲ್ಲ.

"ದಿನಾ ಹೊರಡೋವಾಗ ಫೋನ್ ಮಾಡಿ 'ಬದುಕಿದೀನಿ ಕಣೇ, ಬಂದೆ' ಅಂತಿದ್ರು. ಕೆಲಸದಲ್ಲಿ ಸುಸ್ತಾಗಿ ಅಂತಾರೆ ಅಂದ್ಕೊಂಡಿದ್ದೆ." ಅವರು ಹುಡುಗಿಯನ್ನೇ ನೋಡಿದರು. "ಶುಕ್ರವಾರ ಬರೀ 'ಬಂದೆ' ಅಂದ್ರು."

ಯಂತ್ರದಲ್ಲಿ ಒತ್ತಿದ್ದಕ್ಕೆ ಮನುಷ್ಯ ಸಾಯುತ್ತಾನೆಯೇ? ಇಲ್ಲ, ಸಾಯುವುದಿಲ್ಲ. ಆದರೂ ಅವಳು ಒತ್ತಿದ ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು.

ಗುಮಾಸ್ತ ಹಾಳೆಯೊಂದನ್ನು ಮುದ್ರಿಸಿ ಹಿಂಜರಿಯುತ್ತಲೇ ಮುಂದಿಟ್ಟ. "ಮೊದಲು ಇದಾಗ್ಬೇಕಮ್ಮ. ಆಮೇಲೇ ನಿನ್ನೆಯ ತಾರೀಕು ಹಾಕೋಕೆ ಬರೋದು. ಅವರೇ ಮಾಡಿಟ್ಟ ನಿಯಮ."

ಹಾಳೆಯಲ್ಲಿ ಒಂದೇ ವಾಕ್ಯವಿತ್ತು: ಮೇಲ್ಕಂಡ ವ್ಯಕ್ತಿ ಬದುಕಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಹೆಣ ಹೊರಗಿಟ್ಕೊಂಡು ಸುಳ್ಳು ರುಜು ಹಾಕ್ತೀಯೇನೇ ಅಕ್ಕ?" ಬಾಮೈದ ಹಾಳೆಯ ಮೇಲೆ ಕೈ ಇಟ್ಟ.

"ಸುಳ್ಳೇನು ಬಂತೋ? ಮೂವತ್ತೊಂದು ವರ್ಷ ಕಂಡಿಲ್ವಾ ನಾನು?"

ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಪೂರ್ತಿ ಹೆಸರು ಬರೆದರು. "ಇದರದ್ದೊಂದು ನಕಲು ಕೊಡಪ್ಪ," ಎಂದರು.

ಗುಮಾಸ್ತ ನಕಲು ಕೊಟ್ಟು, ಎರಡನೆಯ ಹಾಳೆ ಮುಂದಿಟ್ಟ. ಮರಣದ್ದು. ಕೊನೆಯಲ್ಲಿ ವರದಿ ಮಾಡಿದವರ ರುಜುವಿಗೆ ಜಾಗ ಖಾಲಿ ಇತ್ತು.

ಅವರು ಅದನ್ನು ಓದಲಿಲ್ಲ. ಪೆನ್ನನ್ನು ಹುಡುಗಿಯ ಕೈಯಲ್ಲಿಟ್ಟು ಬೆರಳು ಮುಚ್ಚಿದರು. "ಇದಕ್ಕೆ ನೀನು ಹಾಕಮ್ಮ. ನನ್ನ ಕೈಲಾಗಲ್ಲ."

ಆಮೇಲೆ ಇನ್ನೂ ಬಿಸಿಯಾಗಿದ್ದ ನಕಲನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗಿಟ್ಟರು. ಜಿಪ್ ಎಳೆದು, ಚೀಲವನ್ನು ಎದೆಗವಚಿಕೊಂಡು, ವ್ಯಾನಿನ ಕಡೆ ನಡೆದರು.