ಖಾಲಿ ಮನೆಯ ಸದ್ದು

"ಆ ಕೆಂಪು ಟೋಪಿ ನಿಮಗೆ ಚೆನ್ನಾಗಿ ಒಪ್ಪುತ್ತೆ, ವೆರ್ನಾ," ಎಂದಿತು ಗೋಡೆ.

ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದ ವೆರ್ನಾ ಹಾಗೇ ನಿಂತಳು. ಅವಳ ತಲೆಯ ಮೇಲೆ ಟೋಪಿ ಇರಲಿಲ್ಲ. ಆ ಉಣ್ಣೆಯ ಟೋಪಿ ಹಾಕಿಕೊಂಡಿದ್ದು ನಿನ್ನೆ, ಭಾನುವಾರದ ಮೆರವಣಿಗೆಯಲ್ಲಿ.

"ಥ್ಯಾಂಕ್ಸ್ ಸರ್," ಎಂದಳು, ಫ್ರಿಜ್ಜಿನ ಪಕ್ಕದ ಸ್ಪೀಕರಿನತ್ತ ತಿರುಗಿ. ಸ್ಪೀಕರಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಕ್ಯಾಮೆರಾ ಇತ್ತು. ಅದರ ಪಕ್ಕದ ಹಸಿರು ದೀಪ ಹತ್ತಿತ್ತು.

"ನಿನ್ನೆ ತುಂಬಾ ಚಳಿ ಇತ್ತಾ?"

"ಇತ್ತು ಸರ್."

"ಸ್ಕ್ರೀನಿನಲ್ಲಿ ಚಳಿ ಗೊತ್ತಾಗಲ್ಲ ನೋಡಿ," ಎಂದು ಥೇಯರ್ ನಕ್ಕರು.

ಮನೆಯ ಮಾಲೀಕ ಥೇಯರ್ ಅವರನ್ನು ವೆರ್ನಾ ಎಂದೂ ಕಣ್ಣಾರೆ ನೋಡಿರಲಿಲ್ಲ. ಕೊಲರಾಡೊದ ಬೆಟ್ಟಗಳ ನಡುವಿನ ಕೆಸ್ಟ್ರೆಲ್‌ನಲ್ಲಿ, ಮೇಲಿನ ಬೀದಿಯ ಆ ಮನೆಯ ಉಸ್ತುವಾರಿ ಅವಳ ಕೈಗೆ ಬಂದು ವರ್ಷಗಳೇ ಕಳೆದಿದ್ದವು. ಅವರು ಯಾವ ಊರಲ್ಲಿರುತ್ತಾರೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ಅವರ ಮಾತಿನ ಹಿಂದೆ ಹಡಗು ಕೂಗಿದ್ದು ಕೇಳಿತ್ತು, ಇನ್ನೊಮ್ಮೆ ಗಿಳಿಗಳು. ಯಾರೂ ಮಲಗದ ಹಾಸಿಗೆಗಳ ಹೊದಿಕೆಯನ್ನು ವಾರವಾರವೂ ಒಗೆದು ಹಾಸಬೇಕು. ಯಾರೂ ತಿನ್ನದ ಹಣ್ಣನ್ನು ಬೋಗುಣಿಯಿಂದ ತೆಗೆದು ಹೊಸ ಹಣ್ಣು ಜೋಡಿಸಬೇಕು. ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟದಂತೆ ನಲ್ಲಿಗಳನ್ನು ಬಿಟ್ಟು ಹರಿಸಬೇಕು. ಅಂಗಳದ ಕಲ್ಲುಹಾಸಿನಡಿ ಬಿಸಿನೀರು ಓಡುತ್ತಿದ್ದುದರಿಂದ ಅಲ್ಲಿ ಹಿಮ ನಿಲ್ಲುತ್ತಿರಲಿಲ್ಲ. ಊರೆಲ್ಲ ಬೆಳ್ಳಗಾದ ದಿನವೂ ಆ ಅಂಗಳವೊಂದು ಕಪ್ಪಗೆ, ಒದ್ದೆಯಾಗಿ, ಮೆಲ್ಲಗೆ ಆವಿ ಬಿಡುತ್ತಿತ್ತು.

ಮೇಲಿನ ಬೀದಿಯ ಮನೆಗಳೆಲ್ಲ ಹಾಗೆಯೇ. ಕೆಳಗಿನ ಊರಿನಲ್ಲಿ ಮಾತ್ರ ಬಾಡಿಗೆಗೆ ಒಂದು ಕೋಣೆ ಸಿಗುತ್ತಿರಲಿಲ್ಲ. ಹೋಟೆಲಿನ ಪಾತ್ರೆ ತೊಳೆಯುವವರು, ಶಾಲೆಯ ಬಸ್ಸಿನ ಚಾಲಕರು, ಆಸ್ಪತ್ರೆಯ ದಾದಿಯರು, ಎಲ್ಲರೂ ಕಣಿವೆ ದಾಟಿ ಬೆಟ್ಟದಾಚೆಯ ಊರುಗಳಿಂದ ಬಂದು ಹೋಗುತ್ತಿದ್ದರು. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಖಾಲಿ ಬಿಟ್ಟ ಮನೆಗಳಿಗೆ ತೆರಿಗೆ ಹಾಕಿ, ಆ ಹಣದಲ್ಲಿ ಊರಲ್ಲಿ ದುಡಿಯುವವರಿಗೆ ಮನೆ ಕಟ್ಟಿಸಬೇಕೆ ಬೇಡವೇ ಎಂದು ನವೆಂಬರಿನಲ್ಲಿ ಮತಕ್ಕೆ ಹಾಕುವುದೆಂದಾಗಿತ್ತು. ಅದಕ್ಕೇ ಆ ಮೆರವಣಿಗೆ.

ಪುರಸಭೆಯ ಮುಂದೆ ಕೂಗಿ ಕೂಗಿ ಸಾಕಾಗಿ, ಈ ಸಲ ಜನ ಮೇಲಿನ ಬೀದಿಗೇ ಹೊರಟಿದ್ದರು. ಹತ್ತುವಾಗ ಜೋರಾಗಿ ಡೋಲು ಬಡಿಯುತ್ತಿದ್ದರು. ಬೀದಿಯೊಳಗೆ ಕಾಲಿಟ್ಟಮೇಲೆ ಸದ್ದು ಸೊರಗತೊಡಗಿತು. ಅವರು ಹಾದುಹೋದಂತೆ ಒಂದೊಂದೇ ಮನೆಯ ದೀಪಗಳು ತಾವಾಗಿ ಹತ್ತಿಕೊಳ್ಳುತ್ತಿದ್ದವು, ದಾಟಿದ ಮೇಲೆ ಹಿಂದೆ ಒಂದೊಂದೇ ಆರುತ್ತಿದ್ದವು. ಒಂದು ಮನೆಯಿಂದ ನಾಯಿ ಬೊಗಳಿತು. ಬೊಗಳಿ, ನಿಲ್ಲಿಸಿ, ಮತ್ತೆ ಅದೇ ರಾಗದಲ್ಲಿ, ಅಷ್ಟೇ ಹೊತ್ತು ಬೊಗಳಿತು. ಅದು ಧ್ವನಿಮುದ್ರಣ ಎಂದು ತಿಳಿದಾಗ ಯಾರೋ ನಕ್ಕರು. ಆದರೆ ಆಮೇಲೆ ಯಾರೂ ಘೋಷಣೆ ಕೂಗಲಿಲ್ಲ. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಬೂಟುಗಳಡಿ ಹಿಮ ಪುಡಿಯಾಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಸ್ಮಶಾನಕ್ಕೆ ಬಂದು ಗೋರಿಗಳ ಹತ್ರ ಜಗಳ ಆಡ್ದಂಗಾಯ್ತು," ಎಂದಿದ್ದಳು ವೆರ್ನಾಳ ಪಕ್ಕದಲ್ಲಿದ್ದ, ಮೇಲಿನ ಬೀದಿಯ ಮನೆಗಳಲ್ಲಿ ಹಾಸಿಗೆ ಹಾಸುವ ಇಮೆಲ್ಡಾ.

ಈಗ ಥೇಯರ್ ದನಿ ತಗ್ಗಿಸಿ ಕೇಳಿದರು. "ನೀವು ಬಾಡಿಗೆಗಿರೋ ಮನೆ ಮಾರಾಟ ಆಯ್ತಂತೆ?"

ಅದನ್ನು ವೆರ್ನಾ ಇಮೆಲ್ಡಾಳಿಗೆ ಮಾತ್ರ ಹೇಳಿದ್ದಳು, ಇದೇ ಅಡುಗೆಮನೆಯಲ್ಲಿ ನಿಂತು.

"ಆಯ್ತು ಸರ್. ಈ ತಿಂಗಳೇ ಬಿಡ್ಬೇಕು."

"ಗ್ಯಾರೇಜಿನ ಮೇಲೆ ಎರಡು ಕೋಣೆ ಇದೆಯಲ್ಲ, ಅಲ್ಲಿಗೇ ಬಂದುಬಿಡಿ. ಬಾಡಿಗೆ ಗೀಡಿಗೆ ಏನೂ ಬೇಡ. ಯಾರೂ ಇರದೆ ಹಾಗೇ ಬಿದ್ದಿದೆ." ಅದರ ಬೆನ್ನಿಗೇ, "ನಾಳೆ ಒಂದು ಬೋರ್ಡು ಬರುತ್ತೆ. ಅಂಗಳದಲ್ಲಿ, ರಸ್ತೆಗೆ ಕಾಣೋ ಹಾಗೆ ನೆಟ್ಟುಬಿಡಿ," ಎಂದರು. ಹಸಿರು ದೀಪ ಆರಿತು.

ಬೋರ್ಡು ಬಂತು. 'ತೆರಿಗೆ ಬೇಡ, ನೆಮ್ಮದಿ ಇರಲಿ' ಎಂದು ಅದರ ಮೇಲೆ ಬರೆದಿತ್ತು. ವೆರ್ನಾ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದಳು. ಅವಳ ಅಜ್ಜ ಇದೇ ಬೆಟ್ಟದ ಬೆಳ್ಳಿ ಗಣಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತವನು. ಅಪ್ಪ, ಅಮ್ಮ ಇಲ್ಲೇ ಮಣ್ಣಾದವರು. ಈ ಊರು ಬಿಟ್ಟು ಬೇರೆ ಕಡೆ ಮಲಗಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಬೋರ್ಡು ಬೋರ್ಡೇ, ಮತ ಮತವೇ ಎಂದುಕೊಂಡು ಅದನ್ನು ನೆಲಕ್ಕೆ ಒತ್ತಿದಳು. ಕಲ್ಲುಹಾಸಿನ ಅಂಚಿನ ಬೆಚ್ಚಗಿದ್ದ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯಿತು.

ಆ ವಾರ ಹೊದಿಕೆ ಬದಲಿಸಲು ಬಂದ ಇಮೆಲ್ಡಾ ಬೋರ್ಡಿನ ಬಗ್ಗೆ ಒಂದು ಮಾತೂ ಆಡದೆ ಕೆಲಸಕ್ಕೆ ತೊಡಗಿದಳು. ಕೊನೆಗೆ ವೆರ್ನಾಳ ತೋಳು ಹಿಡಿದು ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದು, ಯಂತ್ರ ಚಾಲೂ ಮಾಡಿ, ಅದರ ಗಡಗಡದ ಮರೆಯಲ್ಲಿ ಕೇಳಿದಳು.

"ಕೋಣೆ ಹೇಗಿದೆ ದೋನ್ಯಾ?" ಹಿರಿಯಳೆಂಬ ಗೌರವಕ್ಕೆ ವೆರ್ನಾಳನ್ನು ಅವಳು ಹಾಗೆಯೇ ಕರೆಯುತ್ತಿದ್ದಳು.

"ಬೆಚ್ಚಗಿದೆ."

"ಬೆಚ್ಚಗಿದ್ರೆ ಸರಿ ಬಿಡಿ."

"ನಾನೇನ್ಮಾಡ್ಲಿ ಹೇಳು. ಈ ವಯಸ್ಸಲ್ಲಿ ಕಾರಲ್ಲಿ ಮಲಗ್ಲಾ?"

"ನಾನೇನಾದ್ರೂ ಅಂದ್ನಾ? ನನಗೆ ಕೊಟ್ಟಿದ್ರೆ ನಾನೂ ನೆಡ್ತಿದ್ದೆ. ಬೋರ್ಡೇನು, ಆ ಮನುಷ್ಯನ ಫೋಟೋನೇ ನೆಟ್ಟು ಹೂವ ಹಾಕ್ತಿದ್ದೆ." ಇಮೆಲ್ಡಾ ನಗಲಿಲ್ಲ. ಹೋದ ಚಳಿಗಾಲದಲ್ಲಿ ಅವಳ ಮೈದುನನ ಕಾರು ಕೆಲಸಕ್ಕೆ ಬರುವಾಗ ಕಣಿವೆಯ ತಿರುವಿನಲ್ಲಿ ಜಾರಿ ಕೆಳಕ್ಕೆ ಹೋಗಿತ್ತು. ಈಗಲೂ ಅವಳು ದಿನಾ ಅದೇ ತಿರುವು ದಾಟಿ ಬರುತ್ತಿದ್ದಳು. "ಈ ಬೀದಿಯ ಅಷ್ಟೂ ಹಾಸಿಗೆ ನಾನೇ ಹಾಸಿದ್ದೀನಿ. ಆದ್ರೆ ನಾನು ಹೊರಗಿನವಳು, ನನಗೆ ಮತಪತ್ರ ಬರಲ್ಲ. ನಿಮಗೆ ಬರುತ್ತೆ. ಅದಿಷ್ಟೇ ನನ್ನ ತಲೆಯಲ್ಲಿರೋದು."

ವೆರ್ನಾಳ ಮತಪತ್ರ ಅಂಚೆಯಲ್ಲಿ ಬಂದು ಆಗಲೇ ದಿನಗಳಾಗಿದ್ದವು. ಲಕೋಟೆ ಒಡೆಯದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ಗ್ಯಾರೇಜಿನ ಮೇಲಿನ ಕೋಣೆಗಳಲ್ಲಿ ಚಳಿ ಎಂಬುದೇ ಇರಲಿಲ್ಲ. ಗಾಳಿಯ ಸದ್ದೂ ಒಳಗೆ ಬರುತ್ತಿರಲಿಲ್ಲ. ಅಲ್ಲಿಗೆ ಬಂದಮೇಲೆ ಸಂಜೆಯ ಹೊತ್ತೂ ಅವಳು ಆ ಮನೆಯಲ್ಲಿರುವಂತಾಗಿತ್ತು. ಮೊದಲೆಲ್ಲ ಬೆಳಕಿರುವಾಗಲೇ ಕೆಲಸ ಮುಗಿಸಿ ಇಳಿದುಹೋಗುತ್ತಿದ್ದಳು. ಗುರುವಾರ ಸಂಜೆ, ಕತ್ತಲು ಕವಿಯುವ ವೇಳೆ, ದೊಡ್ಡ ಮನೆಯ ಕಡೆಯಿಂದ ಮಾತು ಕೇಳಿಸಿತು. ತಟ್ಟೆಗೆ ಚಮಚ ತಾಗಿದ ಸದ್ದು, ಕುರ್ಚಿ ಎಳೆದ ಸದ್ದು, ಹೆಂಗಸೊಬ್ಬಳ ನಗು. ಹೇಳದೆ ಕೇಳದೆ ನೆಂಟರು ಬಂದಿದ್ದಾರೆಂದುಕೊಂಡು ವೆರ್ನಾ ಕೂದಲು ಸರಿಮಾಡಿಕೊಂಡು, ನಡುವಿನ ಓಣಿ ದಾಟಿ ಹೋಗಿ ಊಟದ ಮನೆಯ ಬಾಗಿಲು ತೆರೆದಳು.

ದೀಪಗಳೆಲ್ಲ ಉರಿಯುತ್ತಿದ್ದವು. ಕುರ್ಚಿಗಳು ಅವಳೇ ಜೋಡಿಸಿಟ್ಟ ಹಾಗೆ ಇದ್ದವು. ಯಾರೂ ಇರಲಿಲ್ಲ. ಮಾತು ಚಾವಣಿಯಿಂದ ಬರುತ್ತಿತ್ತು.

"ಅಮ್ಮ ಹಿಟ್ಟನ್ನ ಎಷ್ಟು ತೆಳ್ಳಗೆ ಲಟ್ಟಿಸ್ತಿದ್ಲು ಅಂದ್ರೆ, ಕೆಳಗೆ ಪೇಪರ್ ಇಟ್ರೆ ಅಕ್ಷರ ಓದಬಹುದಿತ್ತು," ಎನ್ನುತ್ತಿತ್ತು ಒಂದು ದನಿ. "ಆಮೇಲೆ ಅಕ್ರೋಟು, ಜೇನು ಹಾಕಿ ಸುರುಳಿ ಸುತ್ತೋಳು."

"ಸುಳ್ಳು ಹೇಳ್ಬೇಡಿ ದೋನ್ಯಾ," ಎಂದು ಇನ್ನೊಂದು ದನಿ ನಕ್ಕಿತು.

ಮೊದಲ ದನಿ ಯಾರದೆಂದು ವೆರ್ನಾಳಿಗೆ ತಕ್ಷಣ ಹೊಳೆಯಲಿಲ್ಲ. ಅದು ಕೆಮ್ಮಿತು. ಹೋದ ವಸಂತದಲ್ಲಿ ಎದೆಕಟ್ಟಿ ಮಲಗುವ ಮುನ್ನ ತಾನೇ ಕೆಮ್ಮುತ್ತಿದ್ದ ಕೆಮ್ಮು ಅದು. ಆಮೇಲೆ ಒಬ್ಬಳೇ ಕೆಲಸ ಮಾಡುವಾಗ ಅವಳು ಗುನುಗುವ ಹಾಡು ಶುರುವಾಯಿತು. ಎಲ್ಲಿ ರಾಗ ತಪ್ಪುತ್ತಿದ್ದಳೋ ಅಲ್ಲೇ ತಪ್ಪಿತು. ಕಿಟಕಿಯಾಚೆ ರಸ್ತೆಯಲ್ಲಿ ಯಾರೋ ನಾಯಿ ಹಿಡಿದು ಹೋಗುತ್ತಿದ್ದವರು ಬೆಳಕಿನತ್ತ ಒಮ್ಮೆ ನೋಡಿ ಮುಂದೆ ನಡೆದರು.

"ಸರ್," ಎಂದಳು ವೆರ್ನಾ. "ಸರ್, ಇದೇನಿದು?"

ಮಾತು ನಿಂತಿತು. ಹಸಿರು ದೀಪ ಹತ್ತಿತು.

"ಓ, ಅದಾ," ಎಂದರು ಥೇಯರ್. "ಕಳ್ಳರ ಭಯಕ್ಕೆ ಹಾಕ್ಸಿದ್ದು. ಮನೇಲಿ ಜನ ಇದ್ದಾರೆ ಅಂತ ಅನ್ನಿಸ್ಬೇಕಲ್ಲ. ಮನೆಯೊಳಗಿನ ಸದ್ದನ್ನೇ ಹಿಡಿದಿಟ್ಟುಕೊಂಡು ಸಂಜೆ ಹೊತ್ತು ಹಾಕುತ್ತೆ."

"ಇದರಲ್ಲಿರೋದು ನಾನು."

"ಹೌದು. ಅದಕ್ಕೆ ನಿಮ್ಮಿಬ್ಬರನ್ನ ಬಿಟ್ರೆ ಬೇರೆ ಯಾರ ಸದ್ದೂ ಸಿಕ್ಕಿಲ್ಲ."

"ನಿಮ್ಮನೆಯೋರದ್ದು?"

"ಅವರು ಬಂದಿದ್ದು ಒಂದೇ ಸಲ, ವೆರ್ನಾ. ಆಗಿನ್ನೂ ಯಂತ್ರ ಹಾಕಿರಲಿಲ್ಲ."

ವೆರ್ನಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಅದನ್ನ ತೆಗೆದುಬಿಡಿ ಸರ್."

"ತೆಗೀಬಹುದು." ಎಂದರು ಥೇಯರ್. "ಆದ್ರೆ ನಾನೂ ಕೇಳ್ತಿರ್ತೀನಿ. ಇಲ್ಲಿ ಸಂಜೆ ಆದಾಗ. ನಿಮ್ಮ ತಾಯಿ ಆ ಅಕ್ರೋಟಿನ ಸುರುಳಿ ಮಾಡೋ ಕತೆ ನನಗೆ ಬಾಯಿಪಾಠ ಆಗಿದೆ."

ಅದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಅದೇ ವೆರ್ನಾಳ ಬೆನ್ನಿನಲ್ಲಿ ಚಳಿ ಹುಟ್ಟಿಸಿತು. ಅಲ್ಲಿಂದ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಹೊದ್ದು ಮಲಗಿದರೂ ಉಸಿರು ಜೋರಾಗದಂತೆ ನೋಡಿಕೊಳ್ಳುತ್ತಿದ್ದಳು.

ಮರುದಿನ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವಳು ಲಕೋಟೆ ಹಿಡಿದು ಬಂದು ಆ ಊಟದ ಮೇಜಿಗೆ ಕುಳಿತಳು. ಇಷ್ಟು ವರ್ಷಗಳಲ್ಲಿ ಆ ಕುರ್ಚಿಯ ಮೇಲೆ ಅವಳು ಕುಳಿತಿದ್ದು ಅದೇ ಮೊದಲು. ಹಣ್ಣಿನ ಬೋಗುಣಿ ಪಕ್ಕಕ್ಕೆ ಸರಿಸಿ ಮತಪತ್ರ ಬಿಡಿಸಿ ಹರಡಿದಳು. ಓದಲು ಕನ್ನಡಕ ಹುಡುಕುತ್ತಿರುವಾಗ ಮೂಲೆಯಲ್ಲಿ ಹಸಿರು ಹತ್ತಿತು.

"ಅದು ನಿಮ್ಮ ಸ್ವಂತ ವಿಷಯ, ವೆರ್ನಾ," ಎಂದಿತು ದನಿ. "ನಾನು ನೋಡ್ತಿಲ್ಲ."

"ನೋಡಿದ್ರೂ ಪರವಾಗಿಲ್ಲ ಸರ್."

'ಹೌದು' ಎಂಬುದರ ಮುಂದಿನ ಚೌಕವನ್ನು ಅವಳು ನಿಧಾನವಾಗಿ ತುಂಬಿದಳು, ಒಂದು ಮೂಲೆಯೂ ಬಿಳಿ ಉಳಿಯದ ಹಾಗೆ. ಪೆನ್ನಿನ ಮೊನೆ ಕಾಗದ ಕೆರೆಯುವ ಸದ್ದು ಆ ದೊಡ್ಡ ಕೋಣೆಯಲ್ಲಿ ಚೆನ್ನಾಗಿ ಕೇಳಿಸಿತು. ಇದನ್ನೂ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅವಳಿಗೆ ಅನ್ನಿಸಿತು. ಹಸಿರು ದೀಪ ಆರಲಿಲ್ಲ. ಹೊರಗೆ ಬಂದು ಅಂಗಳದ ಬೋರ್ಡು ಕಿತ್ತು ಕಸದ ತೊಟ್ಟಿಗೆ ಒರಗಿಸಿ, ಬೆಟ್ಟ ಇಳಿದು, ಪುರಸಭೆಯ ಮುಂದಿನ ಮತಪೆಟ್ಟಿಗೆಗೆ ಲಕೋಟೆ ಹಾಕಿದಳು.

ಯಾರೂ ಅವಳನ್ನು ಬಯ್ಯಲಿಲ್ಲ. ಕೆಲಸದಿಂದ ತೆಗೆದಿದ್ದೇವೆಂದೂ ಹೇಳಲಿಲ್ಲ. ಅದೇ ಸಂಜೆ ಪೇಟೆಯಲ್ಲಿ ಸಾಮಾನು ಕೊಂಡು ಬಂದಾಗ ಬಾಗಿಲು ಅವಳು ಒತ್ತಿದ ಗುಪ್ತಸಂಖ್ಯೆಗೆ ತೆರೆಯಲಿಲ್ಲ, ಅಷ್ಟೇ. ಗಂಟೆ ಒತ್ತಿದಳು. ಗೋಡೆಗೆ ಅವಳ ಪರಿಚಯ ಇದ್ದಂತೆ ತೋರಲಿಲ್ಲ. ಅವಳ ಪೆಟ್ಟಿಗೆಗಳು, ಮಡಚಿದ ಬಟ್ಟೆ, ತಾಯಿಯ ಫೋಟೋ, ಎಲ್ಲವೂ ಬಿಸಿ ಕಲ್ಲುಹಾಸಿನ ಮೇಲೆ ಓರಣವಾಗಿ ಜೋಡಿಸಿಟ್ಟಿದ್ದವು. ಅಷ್ಟು ಬೇಗ ಅದನ್ನು ಯಾರು ಬಂದು ಜೋಡಿಸಿದರೋ ಗೊತ್ತಾಗಲಿಲ್ಲ. ಹಿಮ ಬೀಳತೊಡಗಿತ್ತು. ಪೆಟ್ಟಿಗೆಗಳ ಮೇಲೆ ನಿಂತಿತು, ಸುತ್ತ ಕರಗಿತು.

ವೆರ್ನಾ ಫೋನ್ ಮಾಡಿದ್ದೇ ಇಮೆಲ್ಡಾ ಬಂದು ಎಲ್ಲವನ್ನೂ ವ್ಯಾನಿಗೆ ತುಂಬಿದಳು. "ನನ್ನ ಮಕ್ಕಳ ಕೋಣೇಲಿ ಒಂದು ಮಂಚ ಹಿಡಿಯುತ್ತೆ," ಎಂದಳು. "ದೊಡ್ಡೋನು ಗೊರಕೆ ಹೊಡೀತಾನೆ, ಮೊದಲೇ ಹೇಳಿರ್ತೀನಿ."

ಮತ ಎಣಿಸಿದಾಗ ತೆರಿಗೆಯ ಪರ ಗೆಲುವಾಯಿತು, ಕೂದಲೆಳೆಯ ಅಂತರದಲ್ಲಿ. ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ವಾರ ಕಳೆಯುವುದರೊಳಗೆ ಮೇಲಿನ ಬೀದಿಯ ಮಾಲೀಕರ ವಕೀಲರು ನ್ಯಾಯಾಲಯಕ್ಕೆ ಹೋದರು. ಮೊದಲ ಮನೆಯ ಪಾಯ ತೋಡುವುದು ಯಾವಾಗ ಎಂದು ಕೇಳಿದರೆ, ಬರುವ ಬೇಸಿಗೆ ಎಂದು ಕೆಲವರು, ನಾವು ಸತ್ತ ಮೇಲೆ ಎಂದು ಕೆಲವರು ಹೇಳತೊಡಗಿದರು. ವೆರ್ನಾಳಿಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಇಮೆಲ್ಡಾಳ ವ್ಯಾನಿನಲ್ಲಿ ಕಣಿವೆ ದಾಟಿ ಬರುತ್ತಿದ್ದಳು, ಸಂಜೆ ದಾಟಿ ಹೋಗುತ್ತಿದ್ದಳು.

ಡಿಸೆಂಬರಿನ ಒಂದು ಸಂಜೆ, ಮೇಲೆ ಎಲ್ಲೋ ಹಿಮ ಕುಸಿದು ಕಣಿವೆಯ ದಾರಿ ಮುಚ್ಚಿತು. ಕೆಲಸ ಮುಗಿಸಿ ಹೊರಟವರ ಗಾಡಿಗಳೆಲ್ಲ ತಿರುವಿನುದ್ದಕ್ಕೂ ಒಂದರ ಹಿಂದೊಂದು ನಿಂತವು. ಡೀಸೆಲ್ ಉಳಿಸಲು ಒಬ್ಬೊಬ್ಬರಾಗಿ ಎಂಜಿನ್ ಆರಿಸಿ, ಇಳಿದು, ಕೈ ಉಜ್ಜಿಕೊಳ್ಳುತ್ತ ರಸ್ತೆಯಲ್ಲಿ ಗುಂಪುಗೂಡಿದರು. ಯಾರೋ ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಬಿಸಿ ತಮಾಲೆಗಳ ಡಬ್ಬಿ ತೆರೆದು ಹಂಚಿದರು. ಶಾಲಾ ಬಸ್ಸಿನ ಚಾಲಕ ಡೆಲ್ಬರ್ಟ್, "ಇನ್ನೊಂದು ಗಂಟೆ ಹೀಗೇ ನಿಂತ್ರೆ ನಾವೇ ಇಲ್ಲಿ ಊರು ಕಟ್ಕೊಂಡು ಮೇಯರ್ ಆರಿಸಬಹುದು. ನಾನಂತೂ ನಿಲ್ಲಲ್ಲ ಕಣ್ರಪ್ಪ, ಕಾಲು ಮರಗಟ್ಟಿದೆ," ಎಂದ.

ಎಲ್ಲರೂ ನಕ್ಕರು. ವೆರ್ನಾಳೂ ನಕ್ಕಳು. ನಗು ಬಂಡೆಗಳಿಗೆ ತಾಗಿ ಹಿಂದಿರುಗಿತು. ಮರುಕ್ಷಣ ಅವಳು ಕೈಗವಸಿನಿಂದ ಬಾಯಿ ಮುಚ್ಚಿಕೊಂಡು, ರಸ್ತೆಯಾಚೆ ದಟ್ಟವಾಗಿ ನಿಂತಿದ್ದ ಮರಗಳ ಕತ್ತಲಿನಲ್ಲಿ ಹಸಿರು ದೀಪವೊಂದನ್ನು ಹುಡುಕುವಂತೆ ನೋಡಿದಳು. ಇಮೆಲ್ಡಾ ತಮಾಲೆಯ ಸಿಪ್ಪೆ ಬಿಡಿಸಿ ಅವಳತ್ತ ಚಾಚಿ ನಿಂತಿದ್ದಳು. ಅದರಿಂದ ಹಬೆ ಏಳುತ್ತಿತ್ತು.