ನಕ್ಷತ್ರಗಳ ಸಾಮ್ರಾಜ್ಯಕ್ಕೆ ಅತ್ತವನು

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಅಂಜಿನಯ್ಯನೂ ಅವನ ಗೆಳೆಯ ಮುನಿರಾಜುವೂ ಇಂಗ್ಲಿಷ್ ಕಾದಂಬರಿಯೊಂದರ ಮೊದಲ ಭಾಗವನ್ನು ಒಟ್ಟಿಗೇ ಓದಿದ್ದರು. ನಕ್ಷತ್ರಗಳ ತುಂಬ ಹರಡಿದ್ದ ಸಾಮ್ರಾಜ್ಯವೊಂದು ಕುಸಿಯುವ ಕಥೆ ಅದು. ರಾಜಧಾನಿ ಹಾಳುಬಿದ್ದ ಪ್ರಸಂಗ ಬಂದಾಗ ಮುನಿರಾಜು ಕಣ್ಣೊರೆಸಿಕೊಂಡಿದ್ದ. "ಮಹಾರಾಜರ ಆಳ್ವಿಕೆ ಹೋದಾಗ ನಮ್ಮಪ್ಪ ಹಿಂಗೇ ಮಂಕಾಗಿ ಕೂತಿದ್ರು ಕಣೋ" ಎಂದಿದ್ದ.

ಭಾನುವಾರ ವಾಚನಾಲಯದ ಚರ್ಚೆಯಲ್ಲಿ ಅಂಜಿನಯ್ಯ ಆ ಕಾದಂಬರಿಯನ್ನು ಮನಸಾರೆ ಹೊಗಳಿದ. ಅಧ್ಯಕ್ಷರಾಗಿದ್ದ ಮೇಷ್ಟ್ರು ಮೂಗು ಮುರಿದರು.

"ಆಕಾಶದಲ್ಲಿ ರಾಜರಂತೆ! ಮಕ್ಕಳಾಟ. ನೀವೇನಂತೀರಿ ಮುನಿರಾಜು?"

"ಹೌದು ಸಾರ್, ಬರೀ ಕಾಗಕ್ಕ ಗುಬ್ಬಕ್ಕನ ಕಥೆ. ಇವನು ಇದನ್ನ ಓದಿ ಅತ್ತೇಬಿಟ್ಟ!" ಎಂದು ಮುನಿರಾಜು ನಕ್ಕ. ಸಭೆಯೆಲ್ಲ ನಕ್ಕಿತು.

ಅತ್ತವನು ಯಾರೆಂದು ಹೇಳಲು ಬಾಯಿ ತೆರೆದ ಅಂಜಿನಯ್ಯ, ಗೆಳೆಯ ತನ್ನ ಅಪ್ಪನ ಬಗ್ಗೆ ಹೇಳಿದ್ದನ್ನು ನೆನೆದು ತಡೆದುಕೊಂಡ. "ನಂಗೆ ತುಂಬಾ ಹಿಡಿಸ್ತು ಸಾರ್" ಎಂದಷ್ಟೇ ಹೇಳಿ ಕೂತ.

ದಾರಿಯಲ್ಲಿ ಮುನಿರಾಜು ಅವನ ಹೆಗಲ ಮೇಲೆ ಕೈ ಹಾಕಿದ. "ಮೇಷ್ಟ್ರು ನನ್ನನ್ನ ವಾಚನಾಲಯದ ಸೆಕ್ರೆಟರಿ ಮಾಡ್ತೀನಿ ಅಂದಿದಾರೆ ಕಣೋ, ಅದಕ್ಕೇ ಹಂಗಂದೆ. ಬೇಜಾರ್ ಮಾಡ್ಕೋಬೇಡ."

ಅಂಜಿನಯ್ಯ ಆ ಕೈಯನ್ನು ಮೆಲ್ಲಗೆ ಇಳಿಸಿದ.

"ಮುಂದಿನ ಭಾಗ ನಾನೊಬ್ನೇ ಓದ್ಕೋತೀನಿ" ಎಂದು ಬೇರೆ ರಸ್ತೆ ಹಿಡಿದ.